ಬಸುರಿಯ ಜೊತೆಗೆ ನಿಲ್ಲುವವರಿಗೆ: ತಾಯಿ ಕಾರ್ಡಿನಿಂದ ಹೆರಿಗೆಯಾದ 42ನೇ ದಿನದವರೆಗೆ

"ಅಕ್ಕ, ನಮ್ಮ ಗದ್ದೆ ಹತ್ರ ಶೆಡ್‌ನಲ್ಲಿರೋ ಹುಡುಗಿಗೆ ಎಂಟು ತಿಂಗಳು. ಕಾರ್ಡು ಗೀರ್ಡು ಏನೂ ಇಲ್ಲ. ಈಗೇನ್ ಮಾಡೋದು?"

ಮಂಡ್ಯದ ಸುತ್ತಮುತ್ತಲಿಂದ ನನಗೆ ಇಂಥ ಫೋನು ಬರುತ್ತಲೇ ಇರುತ್ತದೆ. ಕೇಳುವವರು ಒಳ್ಳೆಯವರೇ. ಹಣ್ಣು ಕೊಡಿಸಿರುತ್ತಾರೆ, ಹಳೆ ಸೀರೆ ಕೊಟ್ಟಿರುತ್ತಾರೆ, ಬೇಕಾದಷ್ಟು ಬುದ್ಧಿಮಾತೂ ಹೇಳಿರುತ್ತಾರೆ. ಆದರೂ ಹೆರಿಗೆ ಹೊತ್ತಿಗೆ ಎಲ್ಲ ಎಡವಟ್ಟಾಗುತ್ತದೆ.

ಎಡವುವ ಜಾಗ ಬಹುತೇಕ ಒಂದೇ. ಬಸುರಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವ ಜಾಗ ಅದು. ಗಂಡನ ಮನೆಯಿಂದ ತವರಿಗೆ, ಊರ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ (ಪಿಎಚ್‌ಸಿ) ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ದೊಡ್ಡಾಸ್ಪತ್ರೆಗೆ, ಆಸ್ಪತ್ರೆಯಿಂದ ಮತ್ತೆ ಮನೆಗೆ. ಅವಳು ದಾಟುತ್ತಾಳೆ, ಅವಳ ಕಾಗದ ಹಿಂದೆಯೇ ಉಳಿಯುತ್ತದೆ. ಆ ಕಾಗದವೂ ಅವಳ ಜೊತೆ ದಾಟುವಂತೆ ನೋಡಿಕೊಳ್ಳುವವರಿಗಾಗಿ ಇದನ್ನು ಬರೆದಿದ್ದೇನೆ. ನೀವು ಪಕ್ಕದ ಮನೆಯವರಾಗಿರಬಹುದು, ಸ್ವಸಹಾಯ ಸಂಘದವರಾಗಿರಬಹುದು, ಅವಳು ಕೆಲಸ ಮಾಡುವ ಜಮೀನಿನವರೇ ಆಗಿರಬಹುದು.

ಯಾರಿಗೆ ಜೊತೆ ಬೇಕು ಅಂತ ತಿಳಿಯುವುದು ಕಷ್ಟವೇನಲ್ಲ. ಕಬ್ಬು ಕಡಿಯಲು ಬೇರೆ ಜಿಲ್ಲೆಯಿಂದ ಬಂದವಳು. ಹೆಗ್ಗಡದೇವನಕೋಟೆ, ಹುಣಸೂರು ಕಡೆಯ ಹಾಡಿಯವಳು, ಅಂದರೆ ಕಾಡಂಚಿನ ಬುಡಕಟ್ಟಿನ ಊರವಳು. ಹದಿನೆಂಟು ತುಂಬದವಳು. ಮದುವೆಯಾಗದವಳು, ಗಂಡ ಬಿಟ್ಟವಳು. ಮನೆಯಲ್ಲಿ ಹೊಡೆತ ತಿನ್ನುವವಳು. ಕಿವಿ ಕೇಳದವಳು. ಹಿಂದೊಮ್ಮೆ ಮಗು ಕಳೆದುಕೊಂಡು ಆಸ್ಪತ್ರೆ ಅಂದರೇ ನಡುಗುವವಳು.

ಮೊದಲು ಕೈಯಲ್ಲಿ ಇರಬೇಕಾದದ್ದು

ಜಿಪ್ ಇರುವ ಒಂದು ಪ್ಲಾಸ್ಟಿಕ್ ಫೈಲು. ಅದರಲ್ಲಿ ತಾಯಿ ಕಾರ್ಡು (ಬಸುರಿಯ ತಪಾಸಣೆಯ ವಿವರ ಬರೆಯುವ ಸರ್ಕಾರಿ ಕಾರ್ಡು), ಆಧಾರ್, ಪಾಸ್‌ಬುಕ್, ರೇಷನ್ ಕಾರ್ಡಿನ ಜಿರಾಕ್ಸ್, ಸ್ಕ್ಯಾನಿಂಗ್ ವರದಿಗಳು. ನಲವತ್ತು ಪುಟದ ಒಂದು ನೋಟ್‌ಬುಕ್ಕು. ಅದರ ಮೊದಲ ಪುಟದಲ್ಲಿ ದೊಡ್ಡದಾಗಿ ಐದು ನಂಬರು: ಆಶಾ ಕಾರ್ಯಕರ್ತೆ, ಪಿಎಚ್‌ಸಿ ಸಿಸ್ಟರ್, ಆಂಬುಲೆನ್ಸ್ 108, ಆರೋಗ್ಯ ಸಹಾಯವಾಣಿ 104, ರಾತ್ರಿ ಹೊತ್ತೂ ಬರುವ ಒಬ್ಬ ಆಟೋದವರು.

ಮೊಬೈಲಿನಲ್ಲಿ ಇದೆಯಲ್ಲ ಅಂತ ಸುಮ್ಮನಿರಬೇಡಿ. ಚಾರ್ಜ್ ಖಾಲಿಯಾಗುವುದು ಯಾವಾಗಲೂ ನೋವು ಬಂದ ರಾತ್ರಿಯೇ.

ಹಂತ 1: ಒಬ್ಬಳೇ ಇದ್ದಾಗ ಮಾತಾಡಿಸಿ

ಮೊದಲ ಭೇಟಿಯಲ್ಲಿ ಕಾರ್ಡಿನ ಮಾತು ಬೇಡ. ಹೇಗಿದ್ದೀಯವ್ವ, ಊಟ ಸೇರುತ್ತಾ, ನಿದ್ದೆ ಬರುತ್ತಾ, ಇಷ್ಟು ಸಾಕು. ಕಡೆಯ ಮುಟ್ಟು ಯಾವಾಗ ಆಗಿತ್ತು ಅನ್ನುವುದನ್ನು ಮಾತಿನ ನಡುವೆ ಕೇಳಿ. ತಾರೀಖು ನೆನಪಿಲ್ಲ ಅಂದರೆ ಹಬ್ಬ ಹಿಡಿದು ಕೇಳಿ. ಗೌರಿ ಹಬ್ಬಕ್ಕೆ ಮುಂಚೆಯಾ, ಆಮೇಲಾ? ಊರ ಜಾತ್ರೆ ಹೊತ್ತಿಗೆ ಆಗಿತ್ತಾ? ಹೀಗೆ ಕೇಳಿದರೆ ಹೆಚ್ಚು ಕಡಿಮೆ ಸರಿಯಾದ ಉತ್ತರವೇ ಸಿಗುತ್ತದೆ.

ಇಲ್ಲಿ ನಾನೇ ಮಾಡಿದ ತಪ್ಪೊಂದನ್ನು ಹೇಳಬೇಕು. ಒಬ್ಬಳ ಕೈ ಮೇಲೆ ಗಾಯ ನೋಡಿ, ಅತ್ತೆ ಎದುರಿಗೇ "ಮನೇಲಿ ಹೊಡೀತಾರಾ?" ಅಂತ ಕೇಳಿಬಿಟ್ಟೆ. "ಇಲ್ಲ ಅಕ್ಕ, ಬಿದ್ದೆ" ಅಂದಳು. ಆಮೇಲೆ ಎರಡು ತಿಂಗಳು ನನ್ನ ಫೋನನ್ನೇ ಎತ್ತಲಿಲ್ಲ. ಅಂಥ ಪ್ರಶ್ನೆಯನ್ನು ನೀರು ತರುವಾಗಲೋ ಆಸ್ಪತ್ರೆ ಬೆಂಚಿನ ಮೇಲೋ ಒಬ್ಬಳೇ ಇದ್ದಾಗ ಕೇಳಬೇಕು. ಅವಳು ಹೌದು ಅಂದರೆ ತಕ್ಷಣ ಗಂಡನ ಜೊತೆ ಜಗಳಕ್ಕೆ ಹೋಗಬೇಡಿ. ನೀವು ಮನೆಗೆ ಹೋದ ಮೇಲೆ ಏಟು ಬೀಳುವುದು ಅವಳಿಗೇ. ಮಹಿಳಾ ಸಹಾಯವಾಣಿ 181, ತುರ್ತಿಗೆ 112, ಹೊಡೆತ ತಿಂದ ಹೆಂಗಸರಿಗೆ ನೆರವಾಗುವ ಜಿಲ್ಲೆಯ ಸಖಿ ಕೇಂದ್ರ ಇವನ್ನು ತಿಳಿಸಿ. ಯಾವಾಗ ಬಳಸಬೇಕು ಅನ್ನುವುದು ಅವಳ ತೀರ್ಮಾನ. ಜೀವಕ್ಕೇ ಅಪಾಯ ಅನಿಸಿದರೆ ಮಾತ್ರ ಕಾಯಬೇಡಿ.

ಈ ಬಸಿರು ಅವಳಿಗೆ ಬೇಕಾ ಅಂತಲೂ ಮೆಲ್ಲಗೆ ಕೇಳಿ. ಬೇಡ ಅಂದರೆ ದಿನ ಕಳೆಯಬಾರದು. ಗರ್ಭಪಾತಕ್ಕೆ ಕಾನೂನಿನಲ್ಲಿ 20 ವಾರದವರೆಗೆ ಒಬ್ಬ ಡಾಕ್ಟರ ಒಪ್ಪಿಗೆ ಸಾಕು. ಕೆಲವು ಸಂದರ್ಭಗಳಲ್ಲಿ ಇಬ್ಬರು ಡಾಕ್ಟರ ಒಪ್ಪಿಗೆಯೊಂದಿಗೆ 24 ವಾರದವರೆಗೂ ಅವಕಾಶ ಇದೆ. ಹದಿನೆಂಟು ತುಂಬಿದ ಹೆಂಗಸಿಗೆ ಗಂಡನ ಸಹಿ ಬೇಕಿಲ್ಲ, ಅವಳ ಸಹಿಯೇ ಸಾಕು. ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗಿ, ರಕ್ತ ನಿಲ್ಲದೆ ರಾತ್ರಿ ಓಡಿಬಂದವರನ್ನು ನೋಡಿದ್ದೇನೆ. ಆ ದಾರಿ ಬೇಡ.

ಹಂತ 2: 12 ವಾರದೊಳಗೆ ತಾಯಿ ಕಾರ್ಡು

ಆಶಾ ಕಾರ್ಯಕರ್ತೆಯ ಮೂಲಕ ಹೋಗುವುದೇ ಸುಲಭ. ಅವರು ಸಿಸ್ಟರ್ ಹತ್ತಿರ ಕರೆದುಕೊಂಡು ಹೋಗುತ್ತಾರೆ, ನೋಂದಣಿ ಆಗುತ್ತದೆ, ಕಾರ್ಡು ಸಿಗುತ್ತದೆ. ಕಾರ್ಡಿನ ಮೇಲೆ ಆರ್‌ಸಿಎಚ್ ನಂಬರು ಅಂತ ಇರುತ್ತದೆ. ಕಾರ್ಡಿಗಿಂತ ಆ ನಂಬರೇ ಮುಖ್ಯ. ನೋಟ್‌ಬುಕ್ಕಿನಲ್ಲಿ ಬರೆದಿಡಿ, ಕಾರ್ಡಿನ ಪ್ರತಿ ಪುಟದ ಫೋಟೋ ತೆಗೆದಿಡಿ. ಕಾರ್ಡು ಕಳೆದುಹೋದರೂ ಆ ನಂಬರಿನಿಂದ ದಾಖಲೆ ಹುಡುಕಬಹುದು.

ಇಲ್ಲಿ ಮೂರು ಕಡೆ ತಡೆ ಬರುತ್ತದೆ. ಒಂದು, "ಈ ಊರಿನವಳಲ್ಲ" ಅನ್ನುವುದು. ಕಬ್ಬಿನ ಗದ್ದೆಯ ಶೆಡ್‌ನಲ್ಲಿರುವವಳು ಬೇರೆ ಜಿಲ್ಲೆಯವಳಾದರೂ ಇಲ್ಲಿ ತಪಾಸಣೆ ಮಾಡಲೇಬೇಕು. ಅವಳ ಊರಿನಲ್ಲಿ ಮೊದಲೇ ನೋಂದಣಿ ಆಗಿದ್ದರೆ ಆ ನಂಬರನ್ನೇ ಇಲ್ಲಿ ಕೊಡಿ. ಎರಡನೇ ಕಾರ್ಡು ಮಾಡಿಸಿದರೆ ಮುಂದೆ ಸರ್ಕಾರದ ಸಹಾಯಧನ ಬರುವಾಗ ಗೋಜಲಾಗುತ್ತದೆ.

ಎರಡು, ಗಂಡನ ಹೆಸರು. ಗಂಡ ಇಲ್ಲದವಳಿಗೂ ಕಾರ್ಡು ಸಿಗಬೇಕು. ಕೌಂಟರ್ ಮುಂದೆ ಹತ್ತು ಜನರ ಎದುರು ಅವಳಿಂದ ಈ ಮಾತು ಹೇಳಿಸಬೇಡಿ. ನೀವು ಮುಂಚಿತವಾಗಿ ಹೋಗಿ ಸಿಸ್ಟರ್‌ಗೆ ಹೇಳಿ ಬನ್ನಿ. ನನ್ನ ಅನುಭವದಲ್ಲಿ ಸಿಸ್ಟರ್‌ಗಳು ಇದನ್ನು ಅರ್ಥ ಮಾಡಿಕೊಳ್ಳುತ್ತಾರೆ. ಕಷ್ಟ ಕೊಡುವುದು ಸಾಲಿನಲ್ಲಿ ನಿಂತವರ ಬಾಯಿ.

ಮೂರು, ಆಧಾರ್ ಇಲ್ಲದಿರುವುದು. ಹಣಕ್ಕೆ ಆಧಾರ್ ಬೇಕು, ಚಿಕಿತ್ಸೆಗೆ ಬೇಕಿಲ್ಲ. ಆಧಾರ್ ಮಾಡಿಸಿದ ಮೇಲೆ ಹೋಗೋಣ ಅಂತ ತಪಾಸಣೆ ಮುಂದೂಡುವುದೇ ದೊಡ್ಡ ತಪ್ಪು.

ಹದಿನೆಂಟು ತುಂಬದ ಹುಡುಗಿಯಾದರೆ ಒಂದು ಮಾತು ಮೊದಲೇ ಹೇಳಿಬಿಡಿ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೋ ಕಾಯ್ದೆ ಪ್ರಕಾರ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಲೇಬೇಕು. ವಿಷಯ ಗೊತ್ತಿರುವ ನಿಮಗೂ ಆ ಹೊಣೆ ಇದೆ. ಇದಕ್ಕೆ ಹೆದರಿ ಮನೆಯವರು ಹುಡುಗಿಯನ್ನು ಬಚ್ಚಿಡುತ್ತಾರೆ. ಬಚ್ಚಿಟ್ಟ ಹುಡುಗಿಗೇ ಬಿಪಿ ಏರುವುದು, ಅವಳಿಗೇ ಫಿಟ್ಸ್ ಬರುವುದು. ಮಕ್ಕಳ ಸಹಾಯವಾಣಿ 1098ಕ್ಕೆ ಮಾಡಿ. ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಮಾಡಿದರೆ ಉಚಿತವಾಗಿ ವಕೀಲರು ಸಿಗುತ್ತಾರೆ. ಏನೇ ಕೇಸು ಇದ್ದರೂ ಚಿಕಿತ್ಸೆ ಇಲ್ಲ ಅನ್ನುವಂತಿಲ್ಲ.

ಹಂತ 3: ತಪಾಸಣೆ, ಮತ್ತು ಕಾರ್ಡು ಓದುವುದು

ಕಡಿಮೆ ಅಂದರೂ ನಾಲ್ಕು ತಪಾಸಣೆ ಆಗಬೇಕು. 12 ವಾರದೊಳಗೆ ಒಂದು, 14ರಿಂದ 26 ವಾರದೊಳಗೆ ಒಂದು, 28ರಿಂದ 34ರೊಳಗೆ ಒಂದು, 36 ಆದ ಮೇಲೆ ಒಂದು. ಪ್ರತಿ ತಿಂಗಳು 9ನೇ ತಾರೀಖು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ದಿನ. ಅವತ್ತು ಸರ್ಕಾರಿ ಆಸ್ಪತ್ರೆಯಲ್ಲಿ ನಾಲ್ಕು ತಿಂಗಳು ದಾಟಿದ ಬಸುರಿಯರನ್ನು ಡಾಕ್ಟರೇ ನೋಡುತ್ತಾರೆ. ರಜೆ ಬಿದ್ದರೆ ಮುಂದಿನ ಕೆಲಸದ ದಿನ. ಅವತ್ತು ಜನ ಜಾಸ್ತಿ. ಬೆಳಗ್ಗೆ ಬೇಗ ಹೋಗಿ, ನೀರು, ಒಂದಿಷ್ಟು ಚಿತ್ರಾನ್ನ ಕಟ್ಟಿಕೊಂಡು ಹೋಗಿ.

ಪ್ರತಿ ತಪಾಸಣೆಯಲ್ಲೂ ನಾಲ್ಕು ಅಂಕಿ ಕಾರ್ಡಿಗೆ ಬಿದ್ದಿರಬೇಕು: ತೂಕ, ಬಿಪಿ, ಹಿಮೋಗ್ಲೋಬಿನ್, ಮೂತ್ರ ಪರೀಕ್ಷೆ. ಬೆಂಚಿನಿಂದ ಎದ್ದು ಬರುವ ಮೊದಲು ಕಾರ್ಡು ತೆರೆದು ನೋಡಿ. ಜಾಗ ಖಾಲಿ ಇದ್ದರೆ ಅಲ್ಲೇ ಕೇಳಿ, "ಸಿಸ್ಟರ್, ಬಿಪಿ ಬರೆದಿಲ್ಲ, ಒಂಚೂರು ನೋಡ್ತೀರಾ?" ನಾಳೆ ಅವಳನ್ನು ನೋಡುವ ಡಾಕ್ಟರ್ ಬೇರೆಯವರು. ಕಾರ್ಡಿನಲ್ಲಿ ಇಲ್ಲದ್ದು ಅವರ ಪಾಲಿಗೆ ನಡೆದೇ ಇಲ್ಲ.

ಅಂಕಿಗಳನ್ನು ಹೀಗೆ ಓದಿ. ಬಿಪಿ 140/90 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅವತ್ತೇ ಡಾಕ್ಟರಿಗೆ ತೋರಿಸಿ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಅಂದರೆ ರಕ್ತಹೀನತೆ. 7ಕ್ಕಿಂತ ಕಡಿಮೆ ಅಂದರೆ ಮಾತ್ರೆ ಇಸಿದುಕೊಂಡು ಮನೆಗೆ ಬರುವ ವಿಷಯವಲ್ಲ, ದೊಡ್ಡಾಸ್ಪತ್ರೆಗೆ ಸೇರಿಸಬೇಕು. ಮೂತ್ರದಲ್ಲಿ ಪ್ರೋಟೀನ್ ಬಂದು ಬಿಪಿಯೂ ಜಾಸ್ತಿ ಇದ್ದರೆ ಅದು ಫಿಟ್ಸಿಗೆ ಮೊದಲಿನ ಎಚ್ಚರಿಕೆ. ಕಾರ್ಡಿನ ಮೇಲೆ ಕೆಂಪು ಸ್ಟಿಕರ್ ಅಂಟಿಸಿದ್ದರೆ ಅಪಾಯ ಹೆಚ್ಚು ಅಂತ ಅರ್ಥ. ಯಾಕೆ ಅಂಟಿಸಿದರು ಅಂತ ಕೇಳಿ, ಆ ಕಾರಣವನ್ನು ನೋಟ್‌ಬುಕ್ಕಿನಲ್ಲಿ ಬರೆಸಿಕೊಳ್ಳಿ.

ಶುಗರ್ ಪರೀಕ್ಷೆಗೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಆದ ಮೇಲೆ ರಕ್ತ ತೆಗೆಯುತ್ತಾರೆ. ನಮ್ಮವರು ಬಸ್ಸಿಗೆ ಹೊತ್ತಾಯ್ತು ಅಂತ ನಡುವೆಯೇ ಎದ್ದು ಹೋಗುವುದು ಇಲ್ಲೇ. 140 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಬಸಿರಿನ ಸಕ್ಕರೆ ಕಾಯಿಲೆ.

ರಕ್ತದ ಗುಂಪು ನೆಗೆಟಿವ್ ಆದರೆ ಫೈಲಿನ ಮೇಲೆಯೇ ದೊಡ್ಡದಾಗಿ ಬರೆಯಿರಿ. ಮಗು ಪಾಸಿಟಿವ್ ಆಗಿದ್ದರೆ ಹೆರಿಗೆಯಾದ 72 ಗಂಟೆಯೊಳಗೆ ತಾಯಿಗೆ ಆಂಟಿ-ಡಿ ಇಂಜೆಕ್ಷನ್ ಬೇಕು. ಎಚ್‌ಐವಿ, ಸಿಫಿಲಿಸ್ ಪರೀಕ್ಷೆಯೂ ಇದೇ ಸಮಯದಲ್ಲಿ ಆಗುತ್ತದೆ. ಅದರ ಫಲಿತಾಂಶ ಅವಳದ್ದು. ನೀವು ಜೊತೆಗಿದ್ದೀರಿ ಅಂದ ಮಾತ್ರಕ್ಕೆ ಕೇಳುವ ಹಕ್ಕು ನಿಮಗಿಲ್ಲ.

ಐದನೇ ತಿಂಗಳ ಸ್ಕ್ಯಾನಿಂಗ್ ಮಗುವಿನ ಅಂಗಾಂಗ ನೋಡುವುದಕ್ಕೆ. 18ರಿಂದ 20 ವಾರದ ನಡುವೆ ಆಗಬೇಕು. ಗಂಡೋ ಹೆಣ್ಣೋ ಹೇಳಿಸಿಕೊಳ್ಳುವುದು 1994ರ ಕಾಯ್ದೆಯಡಿ ಅಪರಾಧ. ಮಂಡ್ಯದಲ್ಲಿ ಈ ಮಾತನ್ನು ಸುಮ್ನೆ ಹೇಳುತ್ತಿಲ್ಲ. 2023ರ ಕೊನೆಯಲ್ಲಿ ಇಲ್ಲಿನ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದುದು ಬಯಲಾಯಿತು. ಮೊದಲನೆಯದು ಹೆಣ್ಣಾಗಿರುವ ಬಸುರಿಯನ್ನು ಮನೆಯವರು "ಬೇರೆ ಕಡೆ ತೋರಿಸ್ಕೊಂಡು ಬರ್ತೀವಿ" ಅಂತ ನಾಲ್ಕನೇ ತಿಂಗಳಲ್ಲಿ ದಿಢೀರನೆ ಕರೆದುಕೊಂಡು ಹೊರಟರೆ ಎಚ್ಚರವಾಗಿರಿ.

ಹಂತ 4: ಮಾತ್ರೆ ಮತ್ತು ಊಟ

ಮಾತ್ರೆ ಕೊಡುವುದು ಸುಲಭ, ಅದು ಹೊಟ್ಟೆಗೆ ಹೋಗುವುದು ಕಷ್ಟ. ಎಷ್ಟೋ ಮನೆಗಳಲ್ಲಿ ಕಬ್ಬಿಣದ ಮಾತ್ರೆಯ ಪೂರ್ತಿ ಪಟ್ಟಿ ದೇವರ ಫೋಟೋ ಹಿಂದೆ ಇರುತ್ತದೆ. ಕೇಳಿದರೆ ವಾಂತಿ ಬರುತ್ತೆ, ಮಲ ಕಪ್ಪಗಾಗುತ್ತೆ, ಮಗು ಕಪ್ಪಾಗುತ್ತೆ ಅನ್ನುತ್ತಾರೆ. ಮಲ ಕಪ್ಪಗಾಗುವುದು ನಿಜ, ಅದರಿಂದ ತೊಂದರೆ ಇಲ್ಲ. ಮಗುವಿನ ಬಣ್ಣಕ್ಕೂ ಮಾತ್ರೆಗೂ ಸಂಬಂಧ ಇಲ್ಲ. ವಾಂತಿ ಬರುವವರು ರಾತ್ರಿ ಊಟ ಆದ ಮೇಲೆ ಮಲಗುವ ಮುಂಚೆ ತೆಗೆದುಕೊಳ್ಳಲಿ.

ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ಕಬ್ಬಿಣದ ಮಾತ್ರೆ. ಕ್ಯಾಲ್ಸಿಯಂ ದಿನಕ್ಕೆ ಎರಡು. ಎರಡನ್ನೂ ಒಟ್ಟಿಗೆ ನುಂಗಬಾರದು, ಎರಡು ಗಂಟೆ ಅಂತರ ಇರಲಿ. ಕಬ್ಬಿಣದ ಮಾತ್ರೆಯ ಹಿಂದೆ ಮುಂದೆ ಒಂದು ಗಂಟೆ ಟೀ ಕಾಫಿ ಬೇಡ. ನಿಂಬೆ ಪಾನಕವಾದರೆ ಒಳ್ಳೆಯದು. ಜಂತುಹುಳುವಿನ ಮಾತ್ರೆ ಒಂದು ಸಲ, ನಾಲ್ಕನೇ ತಿಂಗಳಾದ ಮೇಲೆ. ಧನುರ್ವಾಯುವಿನ ಟಿಡಿ ಇಂಜೆಕ್ಷನ್ ಎರಡು, ನಡುವೆ ನಾಲ್ಕು ವಾರ ಬಿಟ್ಟು.

ಶೆಡ್‌ನಲ್ಲಿ ಮೂರು ಕಲ್ಲಿನ ಒಲೆ ಹೂಡಿರುವವಳಿಗೆ ದಾಳಿಂಬೆ ತಿನ್ನು, ಬಾದಾಮಿ ತಿನ್ನು ಅನ್ನಬೇಡಿ. ಅವಳಿಗೆ ಸಿಗುವುದನ್ನು ಹೇಳಿ. ಮುದ್ದೆ, ಹುರುಳಿಕಾಳಿನ ಬಸ್ಸಾರು, ನುಗ್ಗೆಸೊಪ್ಪು, ಹೊಲದ ಬೆರಕೆ ಸೊಪ್ಪು, ಮೊಟ್ಟೆ. ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯಲ್ಲಿ ಬಸುರಿ ಬಾಣಂತಿಯರಿಗೆ ಮಧ್ಯಾಹ್ನದ ಬಿಸಿಯೂಟ ಇದೆ. ಕೂಲಿಗೆ ಹೋಗುವವಳಿಗೆ ಆ ಹೊತ್ತಿಗೆ ಅಲ್ಲಿಗೆ ಹೋಗಲು ಆಗುವುದಿಲ್ಲ ಅನ್ನುವುದೇ ತೊಡಕು. ಜಮೀನಿನವರು ನೀವೇ ಆಗಿದ್ದರೆ ಮಧ್ಯಾಹ್ನ ಒಂದು ಗಂಟೆ ಬಿಡುವು ಕೊಡಿ, ಕೂಲಿ ಹಿಡಿಯಬೇಡಿ. ಹಣ್ಣಿನ ಬುಟ್ಟಿಗಿಂತ ಅದು ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಹಂತ 5: ತವರಿಗೆ ಹೋಗುವ ಮುಂಚೆ

ಅತಿ ಹೆಚ್ಚು ಜನ ಸೋಲುವುದು ಇಲ್ಲಿ. ಏಳನೇ ತಿಂಗಳಲ್ಲೋ ಒಂಬತ್ತರಲ್ಲೋ ಸೀಮಂತ ಮಾಡಿ, ಮಡಿಲು ತುಂಬಿ ತವರಿಗೆ ಕಳಿಸುತ್ತೇವೆ. ಬಳೆ, ಸೀರೆ, ಚಿಗಳಿ ಎಲ್ಲ ಹೋಗುತ್ತದೆ. ತಾಯಿ ಕಾರ್ಡು ಗಂಡನ ಮನೆ ಟ್ರಂಕಿನಲ್ಲಿ ಉಳಿಯುತ್ತದೆ. ಗಂಡನೂರಿನ ಆಶಾ "ತವರಿಗೆ ಹೋದಳು" ಅಂತ ಬರೆದುಕೊಳ್ಳುತ್ತಾರೆ. ತವರೂರಿನ ಆಶಾಗೆ ಅವಳು ಬಂದದ್ದೇ ಗೊತ್ತಿರುವುದಿಲ್ಲ. ಬಿಪಿ ಏರುವುದು ಹೆಚ್ಚಾಗಿ ಕೊನೆಯ ಎರಡು ಮೂರು ತಿಂಗಳಲ್ಲಿ. ಆಗಲೇ ನೋಡುವವರು ಯಾರೂ ಇರುವುದಿಲ್ಲ.

ಕ್ರಮ ಹೀಗಿರಲಿ. ಹೊರಡುವ ವಾರ ಗಂಡನೂರಿನಲ್ಲಿ ಒಂದು ತಪಾಸಣೆ ಮಾಡಿಸಿ. ಅಲ್ಲಿನ ಆಶಾ ಕಾರ್ಯಕರ್ತೆಯಿಂದ ತವರೂರಿನ ಆಶಾಗೆ ಫೋನ್ ಮಾಡಿಸಿ. ನೀವು ಎದುರಿಗಿರುವಾಗಲೇ ಮಾಡಿಸಿ, "ಮಾಡ್ತೀನಿ ಬಿಡಿ" ಅಂದರೆ ಒಪ್ಪಬೇಡಿ. ಕನಿಷ್ಠ ಹದಿನೈದು ದಿನದ ಮಾತ್ರೆ ಫೈಲಿನ ಜೊತೆ ಹೋಗಲಿ. ತವರು ಮುಟ್ಟಿದ ಎರಡು ಮೂರು ದಿನದಲ್ಲಿ ಅಲ್ಲಿನ ಪಿಎಚ್‌ಸಿಯಲ್ಲಿ ಮುಖ ತೋರಿಸಲಿ.

ತವರಿಲ್ಲದವಳಿಗೆ, ತವರು ಸೇರಿಸದವಳಿಗೆ ಬಾಣಂತನ ಮಾಡುವವರು ಯಾರು ಅನ್ನುವುದನ್ನು ಏಳನೇ ತಿಂಗಳಲ್ಲೇ ಗೊತ್ತು ಮಾಡಿ. ಇಬ್ಬರು ಹೆಂಗಸರು ಬೇಕು. ಒಬ್ಬರಿಗೇ ಬಿಟ್ಟರೆ ಹತ್ತು ದಿನಕ್ಕೆ ಸುಸ್ತಾಗುತ್ತಾರೆ.

ಹಂತ 6: ಎಲ್ಲಿ ಹೆರಿಗೆ, ಹೇಗೆ ಹೋಗುವುದು

36ನೇ ವಾರದ ಹೊತ್ತಿಗೆ ಎರಡು ಆಸ್ಪತ್ರೆ ಗೊತ್ತಾಗಿರಬೇಕು. ತೊಂದರೆ ಇಲ್ಲದವಳಿಗೆ ಹತ್ತಿರದ ತಾಲ್ಲೂಕು ಆಸ್ಪತ್ರೆ. ಕೆಂಪು ಸ್ಟಿಕರ್ ಇರುವವಳಿಗೆ ನೇರ ದೊಡ್ಡಾಸ್ಪತ್ರೆ, ಅಂದರೆ ಮಂಡ್ಯದಲ್ಲಿ ಮಿಮ್ಸ್, ಮೈಸೂರಿನಲ್ಲಿ ಚೆಲುವಾಂಬ. ಒಂದು ಸಲ ಹಗಲು ಹೊತ್ತು ಅವಳನ್ನು ಕರೆದುಕೊಂಡು ಹೋಗಿ ಗೇಟು, ಚೀಟಿ ಮಾಡುವ ಜಾಗ, ಹೆರಿಗೆ ವಾರ್ಡು ತೋರಿಸಿ. ಆಸ್ಪತ್ರೆಗೆ ಹೆದರುವವಳಿಗೆ ಇದು ಮಾತ್ರೆಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಹಾಡಿಯವರ ಲೆಕ್ಕ ಬೇರೆ. ಕಾಡಂಚಿನಲ್ಲಿ ಸಿಗ್ನಲ್ ಸಿಗದ ಜಾಗ ಬಹಳ. 108ಕ್ಕೆ ಫೋನ್ ಮಾಡಲು ಎಲ್ಲಿ ನಿಲ್ಲಬೇಕು ಅಂತ ಹಗಲಲ್ಲೇ ನೋಡಿಡಿ. ರಾತ್ರಿ ದಾರಿಯಲ್ಲಿ ಆನೆ ಇರಬಹುದು. ಹೆಗ್ಗಡದೇವನಕೋಟೆಯಿಂದ ಮೈಸೂರಿಗೇ ಸುಮಾರು 50 ಕಿಲೋಮೀಟರು, ಹಾಡಿಯಿಂದ ಕೋಟೆಗೆ ಬರುವ ದಾರಿ ಬೇರೆ. ಹಾಗಾಗಿ ದಿನ ಹತ್ತಿರ ಬರುತ್ತಿದ್ದಂತೆ ಆಸ್ಪತ್ರೆ ಹತ್ತಿರದ ನೆಂಟರ ಮನೆಗೆ ಬಂದಿರುವುದು ವಾಸಿ. ಕೆಂಪು ಸ್ಟಿಕರ್ ಇದ್ದರೆ ಮೊದಲೇ ಸೇರಿಸಿಕೊಳ್ಳಲು ಡಾಕ್ಟರನ್ನು ಕೇಳಿ.

ಇನ್ನೊಂದು ಮೈಸೂರಿನ ಮಾತು. ದಿನ ದಸರಾ ಹೊತ್ತಿಗೆ ಬೀಳುವುದಾದರೆ ಜಂಬೂಸವಾರಿ ದಿನದ ರಸ್ತೆ ಯೋಚಿಸಿ. ಸಯ್ಯಾಜಿರಾವ್ ರಸ್ತೆ ಜನರಿಂದ ತುಂಬಿರುತ್ತದೆ, ದೊಡ್ಡಾಸ್ಪತ್ರೆ ಇರುವುದು ಅದರ ಪಕ್ಕದಲ್ಲೇ.

108ಕ್ಕೆ ಮಾಡಿದಾಗ ಊರ ಹೆಸರಿನ ಜೊತೆ ತಾಲ್ಲೂಕು ಹೇಳಿ. ಹಳ್ಳಿ, ಕೊಪ್ಪಲು, ಹುಂಡಿ ಅಂತ ಒಂದೇ ಹೆಸರಿನ ಊರು ನಮ್ಮಲ್ಲಿ ಹತ್ತಾರಿವೆ. ಮುಖ್ಯರಸ್ತೆಯಲ್ಲಿ ಟಾರ್ಚು ಹಿಡಿದು ನಿಲ್ಲುವವರು ಯಾರು ಅಂತ ಮೊದಲೇ ಹೇಳಿಡಿ.

ಗಂಡನಿಗೆ ಕೆಲಸ ಕೊಡಿ. ಗೇಟಿನ ಹೊರಗೆ ಬೀಡಿ ಸೇದುತ್ತಾ ನಿಂತ ಗಂಡನನ್ನು ಬೈಯುವುದು ಸುಲಭ. ಅವನಿಗೆ ಏನು ಮಾಡಬೇಕು ಅಂತ ಯಾರೂ ಹೇಳಿರುವುದಿಲ್ಲ, ಅವನಿಗೂ ಹೆದರಿಕೆ ಇರುತ್ತದೆ. ಮೂರು ಕೆಲಸ ಸಾಕು. ಫೈಲು ಅವನ ಕೈಯಲ್ಲಿರಲಿ, ಗಾಡಿಯ ಹೊಣೆ ಅವನದು, ರಕ್ತ ಕೊಡಬಲ್ಲ ಇಬ್ಬರನ್ನು ಹುಡುಕಿಡುವುದು ಅವನದು. ಕುಡಿಯುವವನಾದರೆ ಗಾಡಿಯ ಹೊಣೆ ಬೇರೆಯವರಿಗೆ.

ಹಂತ 7: ಕಾಯಬಾರದ ಸೂಚನೆಗಳು

ಇದನ್ನು ಅವಳಿಗೂ, ಅವಳ ಜೊತೆ ಮಲಗುವವರಿಗೂ ಬಾಯಿಪಾಠ ಮಾಡಿಸಿ. ರಕ್ತ ಹೋಗುವುದು, ಎಷ್ಟೇ ಆಗಲಿ. ತಡೆಯಲಾಗದ ತಲೆನೋವು, ಕಣ್ಣು ಮಂಜಾಗುವುದು, ಎದೆಗೂಡಿನ ಕೆಳಗೆ ನೋವು. ಮುಖ, ಕೈ ಊದಿಕೊಳ್ಳುವುದು. ಫಿಟ್ಸು. ಚಳಿ ಜ್ವರ. ಕೂತಲ್ಲೇ ಏದುಸಿರು. ನೋವಿಲ್ಲದೆಯೇ ನೀರು ಹೋಗುವುದು. ಇವುಗಳಲ್ಲಿ ಯಾವ ಒಂದಕ್ಕೂ ಬೆಳಗಾಗಲಿ ಅಂತ ಕಾಯಬಾರದು.

ಮಗುವಿನ ಒದೆತ ಕಡಿಮೆಯಾಯಿತು ಅಂದರೆ ಏನಾದರೂ ತಿಂದು ಎಡಮಗ್ಗುಲಾಗಿ ಮಲಗಿ ಗಮನಿಸಲಿ. ಆಗಲೂ ಮಾಮೂಲಿನಂತೆ ಅನಿಸದಿದ್ದರೆ ಆ ರಾತ್ರಿಯೇ ಹೊರಡಿ. "ತಿಂಗಳು ತುಂಬಿದ ಮೇಲೆ ಮಗು ಸುಮ್ನಾಗುತ್ತೆ" ಅನ್ನುವ ಮಾತನ್ನು ನಂಬಬೇಡಿ.

ಮನೆ ಬಾಗಿಲಿಗೆ ಬಂದು "ನೋವು ಜಾಸ್ತಿ ಬರೋಕೆ ಒಂದು ಇಂಜೆಕ್ಷನ್ ಹಾಕ್ತೀನಿ" ಅನ್ನುವವರನ್ನು ಒಳಗೆ ಬಿಡಬೇಡಿ. ಆ ಇಂಜೆಕ್ಷನ್ ಗರ್ಭಕೋಶವನ್ನೇ ಹರಿಯಬಲ್ಲದು.

ಹಂತ 8: ಆಸ್ಪತ್ರೆಯಲ್ಲಿ

ಹೆರಿಗೆ ಕೊಠಡಿಯಲ್ಲಿ ಒಬ್ಬ ಹೆಂಗಸು ಜೊತೆಗಿರಬಹುದು ಅಂತ ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಹೇಳಿದೆ. ಯಾರು ಅನ್ನುವುದನ್ನು ಬಸುರಿಯೇ ಆರಿಸಲಿ. ಒಳಗೆ ಹೋದವರು ನೀರು ಕುಡಿಸಬೇಕು, ಸೊಂಟ ಉಜ್ಜಬೇಕು, ಧೈರ್ಯ ಹೇಳಬೇಕು. ನರ್ಸಿಗೆ ಪಾಠ ಹೇಳಲು ಹೋಗಬಾರದು. ಕಿವಿ ಕೇಳದವಳಾದರೆ, ಕನ್ನಡ ಬಾರದವಳಾದರೆ, ಅದನ್ನು ಒಳಗೆ ಹೋದ ಕೂಡಲೇ ಹೇಳಿ. ಇಲ್ಲದಿದ್ದರೆ ಹೇಳಿದ ಮಾತು ಕೇಳಲ್ಲ ಅಂತ ಅವಳ ಮೇಲೆ ರೇಗುತ್ತಾರೆ.

ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಜೇರಿಯನ್, ಔಷಧಿ, ಪರೀಕ್ಷೆ, ರಕ್ತ, ಊಟ, ಗಾಡಿ ಎಲ್ಲವೂ ಉಚಿತ. 2011ರಲ್ಲಿ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ನಿಯಮ ಇದು. ಬಿಪಿಎಲ್ ಕಾರ್ಡು ಇರಲೇಬೇಕು ಅಂತಿಲ್ಲ. ಆದರೂ ಒಂದು ಆಸ್ಪತ್ರೆಯಲ್ಲಿ ಮಗುವನ್ನು ತೋರಿಸಲು ನಮ್ಮ ಎದುರೇ ಕೈ ಚಾಚಿದರು. ಗಂಡಾದರೆ ಒಂದು ರೇಟು, ಹೆಣ್ಣಾದರೆ ಒಂದು. ನಾನು ಅಲ್ಲೇ ಕೂಗಾಡಿದೆ. ರಾತ್ರಿಯೆಲ್ಲ ಆ ಬಾಣಂತಿಯ ಹತ್ತಿರ ಯಾರೂ ಸುಳಿಯಲಿಲ್ಲ. ಈಗ ಹಾಗೆ ಮಾಡುವುದಿಲ್ಲ. "ರಸೀದಿ ಕೊಡಿ, ಕೊಡ್ತೀವಿ" ಅಂತ ತಣ್ಣಗೆ ಹೇಳುತ್ತೇನೆ. ವಾರ್ಡು, ಹೊತ್ತು ಬರೆದುಕೊಳ್ಳುತ್ತೇನೆ. ಅವಳು ಮನೆ ಸೇರಿದ ಮೇಲೆ ಆಸ್ಪತ್ರೆಯ ಮುಖ್ಯಸ್ಥರಿಗೆ ದೂರು, 104ಕ್ಕೆ ದೂರು, ಬೇಕಾದರೆ ಲೋಕಾಯುಕ್ತಕ್ಕೂ ದೂರು.

ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರೆ ಅರ್ಜೆಂಟಿನಲ್ಲೂ ಮೂರು ಕೇಳಿ. ಯಾಕೆ ಕಳಿಸುತ್ತಿದ್ದಾರೆ ಅಂತ ಬರೆದ ಚೀಟಿ. ಯಾವ ಇಂಜೆಕ್ಷನ್ ಎಷ್ಟು ಹೊತ್ತಿಗೆ ಕೊಟ್ಟರು ಅನ್ನುವುದು. ಅಲ್ಲಿಗೆ ಫೋನ್ ಮಾಡಿ ತಿಳಿಸಿದ್ದಾರಾ ಅನ್ನುವುದು. ಕಾರು ಸಿಕ್ಕಿತು ಅಂತ ಅದರಲ್ಲಿ ಹೊರಡಬೇಡಿ, ಆಂಬುಲೆನ್ಸಿನಲ್ಲೇ ಹೋಗಿ. ದಾರಿಯಲ್ಲಿ ಫಿಟ್ಸು ಬಂದರೆ ಕಾರಿನಲ್ಲಿ ಆಕ್ಸಿಜನ್ ಇರುವುದಿಲ್ಲ.

ಹಂತ 9: ಮನೆಗೆ ಬಂದ ಮೇಲೆ

ಮಾಮೂಲಿ ಹೆರಿಗೆಯಾದರೂ 48 ಗಂಟೆ ಆಸ್ಪತ್ರೆಯಲ್ಲೇ ಇರಬೇಕು. "ಮನೇಲಿ ದೊಡ್ಡ ಮಗು ಅಳ್ತಿದೆ" ಅಂತ ಮಾರನೇ ದಿನವೇ ಹೊರಡುವವರು ಬಹಳ. ಆ ದೊಡ್ಡ ಮಗುವನ್ನು ನೋಡಿಕೊಳ್ಳುವುದೇ ನಿಮ್ಮ ಸಹಾಯವಾಗಬಹುದು. ಬರುವ ಮುಂಚೆ ಮಗುವಿನ ತೂಕ, ಜೊತೆಗೆ ಬಿಸಿಜಿ, ಪೋಲಿಯೋ ಹನಿ, ಹೆಪಟೈಟಿಸ್ ಬಿ ಈ ಮೂರೂ ಲಸಿಕೆ ಕಾರ್ಡಿಗೆ ಬಿದ್ದಿವೆಯಾ ನೋಡಿ. ಜನನ ನೋಂದಣಿ 21 ದಿನದೊಳಗೆ ಆಗಬೇಕು, ಆಸ್ಪತ್ರೆಯಲ್ಲೇ ಅರ್ಜಿ ತುಂಬಿದ್ದು ಖಾತ್ರಿ ಮಾಡಿಕೊಳ್ಳಿ. ಮನೆಗೆ ಬಿಡಲು ನಗು ಮಗು ಗಾಡಿ ಕೇಳಿ.

ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಮನೆಗೆ ಬರಬೇಕು. ಬಾರದಿದ್ದರೆ ನೀವೇ ಫೋನ್ ಮಾಡಿ. ಗಂಟೆಗೊಂದು ಪ್ಯಾಡು ಒದ್ದೆಯಾಗುವುದು, ಗಬ್ಬು ವಾಸನೆ, ಜ್ವರ, ಹೊಲಿಗೆ ಕೀವಾಗುವುದು, ಹೆರಿಗೆಯಾದ ಮೇಲೂ ತಲೆನೋವು ಕಣ್ಣುಮಂಜು ಬಂದರೆ ಆಸ್ಪತ್ರೆಗೆ ಹೊರಡಿ. ಮಗು ಹಾಲು ಚೀಪದಿದ್ದರೆ, ಮೈ ತಣ್ಣಗಾದರೆ, ಅಂಗಾಲು ಅಂಗೈವರೆಗೆ ಹಳದಿಯಾದರೆ, ಉಸಿರು ಜೋರಾದರೆ ಆಗಲೂ ಅಷ್ಟೇ.

ಬಾಣಂತನದ ಪದ್ಧತಿಗಳನ್ನೆಲ್ಲ ಎದುರು ಹಾಕಿಕೊಂಡರೆ ಅಜ್ಜಿಯರು ನಿಮ್ಮನ್ನು ಮನೆಗೇ ಸೇರಿಸುವುದಿಲ್ಲ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಸೊಂಟಕ್ಕೆ ಸೀರೆ, ಇರಲಿ ಬಿಡಿ. ಮೂರಕ್ಕೆ ಮಾತ್ರ ಹಠ ಹಿಡಿಯಿರಿ. ಬಾಣಂತಿಗೆ ಬೇಕಾದಷ್ಟು ನೀರು. ಮೊದಲ ದಿನದ ಹಳದಿ ಹಾಲು ಮಗುವಿಗೇ, ಜೇನು ಸಕ್ಕರೆ ನೀರು ಬೇಡ. ಮಗು ಇರುವ ಕೋಣೆಯಲ್ಲಿ ಕೆಂಡ, ಸಾಂಬ್ರಾಣಿ ಹೊಗೆ ಬೇಡ.

ಮನಸ್ಸಿನ ಕಡೆಗೂ ಕಣ್ಣಿರಲಿ. ಮೊದಲ ಕೆಲವು ದಿನ ಸುಮ್ಮಸುಮ್ಮನೆ ಅಳು ಬರುವುದುಂಟು. ಎರಡು ವಾರ ಕಳೆದರೂ ಅಳು ನಿಲ್ಲದಿದ್ದರೆ, ಮಗು ಮಲಗಿದಾಗಲೂ ಅವಳಿಗೆ ನಿದ್ದೆ ಬಾರದಿದ್ದರೆ, ಮಗುವನ್ನು ಎತ್ತಿಕೊಳ್ಳಲು ಇಷ್ಟಪಡದಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ. ಯಾರೋ ಕಿವಿಯಲ್ಲಿ ಮಾತಾಡುತ್ತಾರೆ ಅಂದರೆ, ಸಾಯುವ ಮಾತು ಆಡಿದರೆ, ಒಬ್ಬಳನ್ನೇ ಬಿಡದೆ ಅವತ್ತೇ ಆಸ್ಪತ್ರೆಗೆ. ದೆವ್ವ ಬಿಡಿಸಲು ಮೊದಲು ಹೋಗಿ ಆಮೇಲೆ ಆಸ್ಪತ್ರೆಗೆ ಅನ್ನುವ ಕ್ರಮ ಬೇಡ.

ಹಂತ 10: ಹಣದ ಅರ್ಜಿಗಳು

ಇದನ್ನು ಕೊನೆಗೆ ಬರೆದಿದ್ದೇನೆ, ಅರ್ಜಿ ಮಾತ್ರ ಮೊದಲೇ ಹಾಕಿ. ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ ಎರಡು ಕಂತಿನಲ್ಲಿ ಬರುತ್ತದೆ. ಎರಡನೆಯದು ಹೆಣ್ಣಾದರೆ 6,000 ಒಂದೇ ಸಲ. ಅರ್ಜಿ ಅಂಗನವಾಡಿಯಲ್ಲಿ. ಗಂಡನ ಆಧಾರ್ ಕಡ್ಡಾಯವಲ್ಲ. ಜನನಿ ಸುರಕ್ಷಾ ಯೋಜನೆಯಲ್ಲಿ ಬಿಪಿಎಲ್, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಆಸ್ಪತ್ರೆಯ ಹೆರಿಗೆಗೆ ಹಳ್ಳಿಯಲ್ಲಿ 700, ಪಟ್ಟಣದಲ್ಲಿ 600. ಕಟ್ಟಡ ಕಾರ್ಮಿಕರ ಕಾರ್ಡು ಇರುವವಳಿಗೆ ಆ ಮಂಡಳಿಯಿಂದಲೂ ಹೆರಿಗೆ ಸಹಾಯಧನ ಇದೆ.

ಹಣ ಬಾರದಿರಲು ಹೆಚ್ಚಿನ ಸಲ ಕಾರಣ ಒಂದೇ. ಖಾತೆಗೆ ಆಧಾರ್ ಜೋಡಣೆ ಆಗಿರುವುದಿಲ್ಲ, ಅಥವಾ ಬೇರೆ ಯಾವುದೋ ಹಳೆ ಖಾತೆಗೆ ಜೋಡಣೆಯಾಗಿ ಹಣ ಅಲ್ಲಿಗೆ ಹೋಗಿರುತ್ತದೆ. ಬ್ಯಾಂಕಿಗೆ ಒಂದು ಸಲ ಹೋಗಿ ನೋಡಿ. ಖಾತೆ ಅವಳ ಹೆಸರಿನಲ್ಲೇ ಇರಲಿ, ಎಟಿಎಂ ಕಾರ್ಡು ಅವಳ ಕೈಯಲ್ಲೇ ಇರಲಿ.

42ನೇ ದಿನ

ಅವತ್ತು ತಾಯಿಗೆ ಬಿಪಿ, ಹಿಮೋಗ್ಲೋಬಿನ್ ಇನ್ನೊಮ್ಮೆ ನೋಡಿಸಿ. ಮುಂದಿನ ಮಗು ಯಾವಾಗ, ಬೇಕಾ ಬೇಡವಾ, ಯಾವ ವಿಧಾನ ಅನ್ನುವುದನ್ನು ಸಿಸ್ಟರ್ ಹತ್ತಿರ ಅವಳೇ ಮಾತಾಡಲಿ, ನೀವು ಹೊರಗೆ ನಿಲ್ಲಿ. ಮಗುವಿಗೆ ಒಂದೂವರೆ ತಿಂಗಳ ಲಸಿಕೆಯ ಹೊತ್ತು ಅದು. 10 ಮತ್ತು 14ನೇ ವಾರದ ತಾರೀಖುಗಳನ್ನು ಕಾರ್ಡಿನಲ್ಲಿ ಬರೆಸಿಕೊಳ್ಳಿ. ಮಾತೃ ವಂದನಾದ ಎರಡನೇ ಕಂತು ಆ ಲಸಿಕೆಗಳು ಮುಗಿದ ಮೇಲೇ ಬರುವುದು.

ಫೈಲನ್ನು ಅವಳ ಕೈಗೆ ಕೊಡಿ, ನೋಟ್‌ಬುಕ್ಕನ್ನೂ ಕೊಡಿ. ನಿಮ್ಮ ಮೊಬೈಲಿನಲ್ಲಿರುವ ಅವಳ ಕಾರ್ಡು, ಆಧಾರ್, ಸ್ಕ್ಯಾನಿಂಗ್ ಫೋಟೋಗಳನ್ನು ಅವಳ ಎದುರಿಗೇ ಅಳಿಸಿ.